ನಡುಮುರುಕನ ಆರು ಗುಂಡು

17 ನವೆಂಬರ್, ಭಾನುವಾರ ಬೆಳಿಗ್ಗೆ

ಪೂಜ್ಯ ಭಾವನವರಿಗೆ,

ನಿಮ್ಮ ತಂಗಿಯ ಗಂಡನ ನಮಸ್ಕಾರಗಳು. ಇಲ್ಲಿ ನಾನು ಉಸಿರಾಡುತ್ತಿದ್ದೇನೆ. ಕ್ಷೇಮ ಎಂದು ಬರೆಯಲು ಕೈ ಬರಲಿಲ್ಲ. ಆ ಪದವನ್ನು ನಿಮಗೂ ಅತ್ತಿಗೆಗೂ ಮಕ್ಕಳಿಗೂ ಬಿಟ್ಟುಕೊಟ್ಟಿದ್ದೇನೆ, ನೀವೇ ಇಟ್ಟುಕೊಳ್ಳಿ.

ನಿಮ್ಮ ನಾಲ್ಕು ಕಾಗದ ಬಂದವು. ಆರು ತಿಂಗಳಾದರೂ ಒಂದಕ್ಕೂ ಉತ್ತರವಿಲ್ಲ. ತಪ್ಪಾಯಿತು. ಮೊದಲನೆಯದಕ್ಕೆ ಬರೆಯಲು ಕುಳಿತೆ, 'ಪೂಜ್ಯ ಭಾವನವರಿಗೆ' ಎಂದು ಬರೆದೆ, ಅಲ್ಲಿಗೆ ಮಾತು ನಿಂತಿತು. ರಂಗದ ಮೇಲೆ ಮಾತು ಮರೆತಾಗ ಸೈಡ್‌ವಿಂಗಿನಿಂದ ಮೊದಲ ಎರಡಕ್ಷರ ತೇಲಿ ಬರುತ್ತಿತ್ತು, ನೆನಪಿದೆಯಲ್ಲ? ಆ ಎರಡಕ್ಷರ ಸಿಕ್ಕರೆ ಸಾಕು, ಕಡೆಯ ಸಾಲಿನವರ ಕುರ್ಚಿ ಅಲುಗುವವರೆಗೆ ನನ್ನ ಗಂಟಲು ನಿಲ್ಲುತ್ತಿರಲಿಲ್ಲ. ಆ ಎರಡಕ್ಷರ ಕೊಡುತ್ತಿದ್ದವಳು ನಿಮ್ಮ ತಂಗಿ. ಈಗ ಮೇಜಿನ ಮುಂದೆ ಕುಳಿತು ಎಡಗಡೆ ನೋಡುತ್ತೇನೆ. ಅಲ್ಲಿ ಬೀರು ಇದೆ, ಬೀರುವಿನ ಮೇಲೆ ಅವಳ ಹೊಲಿಗೆಯ ಡಬ್ಬಿ ಇದೆ. ಡಬ್ಬಿ ಏನೂ ಹೇಳಿಕೊಡುವುದಿಲ್ಲ.

ಮೊದಲು ಸಮಾಚಾರ. ಅಂಗಡಿಯನ್ನು ತೆರೆಯುತ್ತಿದ್ದೇನೆ. ಜನರಿಗೆ ಬೀಗ ಕೆಡುತ್ತಲೇ ಇರುತ್ತದೆ, ಕೀ ಕಳೆಯುತ್ತಲೇ ಇರುತ್ತದೆ. ಆದರೆ ಮನೆಗೆ ಬಂದು ತೆಗೆದುಕೊಡಿ ಎಂದು ಕರೆದರೆ ಹೋಗುವುದಿಲ್ಲ, ಬೀಗವನ್ನೇ ಕಳಚಿಕೊಂಡು ಬನ್ನಿ ಎನ್ನುತ್ತೇನೆ. ಕಳಚಲು ಬರುವಂತಿದ್ದರೆ ನಿನ್ನ ಹತ್ತಿರ ಯಾಕೆ ಬರುತ್ತಿದ್ದೆ ಮಾರಾಯ ಎಂದು ಬೈದುಕೊಂಡು ಹೋಗುತ್ತಾರೆ. ಚಳಿ ಶುರುವಾದ ಮೇಲೆ ಮುರಿದ ಪಕ್ಕೆಲುಬು ಹವಾಮಾನದ ವರದಿ ಓದುತ್ತದೆ. ಎದುರು ಅಂಗಡಿಯ ಟೈಲರ್ ಮಧ್ಯಾಹ್ನ ಊಟದ ಡಬ್ಬಿ ಹಿಡಿದುಕೊಂಡು ಬಂದು ನನ್ನ ಸ್ಟೂಲಿನ ಮೇಲೆ ಕೂರುತ್ತಾನೆ. ಮೊದಲೆಲ್ಲ 'ಏನಯ್ಯಾ ಖಳನಾಯಕ' ಎಂದು ಕೂಗುತ್ತಾ ಬರುತ್ತಿದ್ದ. ಈಗ ಹಾಗೆ ಕರೆಯುವುದಿಲ್ಲ. ಹೇಗೂ ಕರೆಯುವುದಿಲ್ಲ, ಡಬ್ಬಿ ಬಿಚ್ಚುತ್ತಾನೆ.

ನಿಮ್ಮ ನಾಲ್ಕನೆಯ ಕಾಗದ ಬಂದು ಹನ್ನೆರಡು ದಿನವಾಯಿತು. ಅದನ್ನು ಬಾಯಿಪಾಠವಾಗುವಷ್ಟು ಓದಿದ್ದೇನೆ. ನಾಟಕ ಕಂಪನಿಯ ಕಾಲದವರು ನಾವಿಬ್ಬರೇ ಉಳಿದದ್ದು, ಅಂಗಡಿ ಮುಚ್ಚಿ ನನ್ನ ಮನೆಗೆ ಬಂದುಬಿಡು, ಮಾಡಿನ ಕೋಣೆ ಖಾಲಿ ಮಾಡಿಸಿದ್ದೇನೆ, ತಿಂಗಳ ಕೊನೆಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದಿದ್ದೀರಿ. ಕೈ ನಡುಗುವುದು ಪಾಪವಲ್ಲ, ರಂಗದ ಮೇಲೆ ನಡುಗದ ಕೈ ಬೀದಿಯಲ್ಲಿ ನಡುಗಿದರೆ ಯಾರೂ ನಗಬಾರದು ಎಂದಿದ್ದೀರಿ. ಅದನ್ನು ಓದಿ ನಾನು ಅತ್ತೆ. ಆಮೇಲೆ ಕೆಳಗೆ, ಬೇರೆ ಶಾಯಿಯಲ್ಲಿ, ಒಂದು ಪ್ರಶ್ನೆ ಇದೆ: 'ನನ್ನ ತಂಗಿ ಹುಟ್ಟಾ ಸೈಡಿನಲ್ಲಿ ನಿಂತವಳು. ಪಾತ್ರ ಕೊಡುತ್ತೇನೆಂದರೂ ಬೆಳಕಿಗೆ ಬಂದವಳಲ್ಲ. ಆ ದಿನ ಮಾತ್ರ ಅವಳು ಮುಂದೆ ಯಾಕೆ ಬಂದಳು? ನಿನಗೇನಾದರೂ ಗೊತ್ತೆ?'

ಆ ಪ್ರಶ್ನೆಗೆ ಬರುತ್ತೇನೆ. ಆದರೆ ನೇರವಾಗಿ ಕಡೆಯ ಅಂಕಕ್ಕೆ ಹಾರಲು ನನ್ನಿಂದ ಆಗುವುದಿಲ್ಲ. ಮೊದಲ ಅಂಕದಿಂದ ಬಂದರೆ ಕಾಲು ತಾನಾಗಿ ಅಲ್ಲಿಗೆ ತಲುಪೀತು ಎಂದು ಆಸೆ.

ಮೊದಲ ಅಂಕ ನಿಮಗೆ ಗೊತ್ತಿರುವುದೇ. ಕಂಪನಿಯ ಮಾಲೀಕರಿಗೆ ಮರದ ಪಿಸ್ತೂಲು ಕಂಡರೆ ಆಗುತ್ತಿರಲಿಲ್ಲ. ಮುಂದಿನ ಸಾಲಿನವನು ಕಾಸು ಕೊಟ್ಟು ಬಂದಿದ್ದಾನೆ, ಅವನಿಗೆ ಲಟ್ಟಣಿಗೆ ತೋರಿಸಬೇಡಿ ಎಂದು ಹೇಳಿ, ಎಲ್ಲಿಂದಲೋ ಲೈಸೆನ್ಸ್ ಸಮೇತ ಆ ಅಸಲಿ ರಿವಾಲ್ವರ್ ತಂದರು. ಎಂಥ ಸರಕು ಅದು! ಮೇಲಿನ ಚಿಲಕವನ್ನು ಹೆಬ್ಬೆರಳಿನಿಂದ ಒತ್ತಿ ನಳಿಗೆಯನ್ನು ಕೆಳಕ್ಕೆ ಬಗ್ಗಿಸಿದರೆ ನಡು ಮುರಿದವನ ಹಾಗೆ ಎರಡಾಗಿ ಬಗ್ಗುತ್ತಿತ್ತು. ಆರು ಗೂಡಿನ ಗಾಲಿ ಬಾಯಿ ತೆರೆದುಕೊಂಡು ಎದ್ದು ನಿಲ್ಲುತ್ತಿತ್ತು. ಪೂರ್ತಿ ಬಗ್ಗಿಸಿದಿರೋ, ಒಳಗಿನ ಆರೂ ಗುಂಡು ಒಟ್ಟಿಗೆ ಹೊರಕ್ಕೆ ಚಿಮ್ಮುತ್ತಿದ್ದವು. ನಡುಮುರುಕ ಎಂದು ಹೆಸರಿಟ್ಟವರು ನೀವೇ. ಅದಕ್ಕೆ ಹೊಂದುವ ಹಾಗೆ ಆರು ಸುಳ್ಳು ಗುಂಡು ಕೆತ್ತಿದವರೂ ನೀವೇ: ಹಿಂದೆ ಹಿತ್ತಾಳೆಯ ಟೋಪಿ, ಮುಂದೆ ಮರದ ಮೂತಿ, ಮೂತಿಗೆ ಸೀಸದ ಬಣ್ಣ. ಮೂರನೆಯ ಅಂಕದಲ್ಲಿ ನಾನು ಅವನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ತುಂಬುತ್ತಿದ್ದೆ; ಸಭೆ ಉಸಿರು ಬಿಗಿಹಿಡಿಯುತ್ತಿತ್ತು. ನಡುಮುರುಕನ ಕುದುರೆಯನ್ನು ಬೆರಳಿನಿಂದ ಎಳೆಯುತ್ತಿದ್ದೆ. ಸೈಡಿನಲ್ಲಿ ನಿಮ್ಮ ತಂಗಿ ಎರಡು ಹಲಗೆಗಳನ್ನು ಫಟಾರ್ ಎಂದು ಬಡಿಯುತ್ತಿದ್ದಳು. ನೀವು ಎದೆ ಹಿಡಿದುಕೊಂಡು ಬೀಳುತ್ತಿದ್ದಿರಿ. ಹನ್ನೊಂದು ವರ್ಷ ಭಾವ. ಒಂದು ದಿನವೂ ನನ್ನ ಬೆರಳಿಗೂ ಅವಳ ಹಲಗೆಗೂ ನಡುವೆ ಒಂದು ಕೂದಲೆಳೆ ಅಂತರ ಬೀಳಲಿಲ್ಲ. ನನ್ನ ಭುಜ ನೋಡಿಯೇ ಅವಳಿಗೆ ತಿಳಿಯುತ್ತಿತ್ತಂತೆ. ಮದುವೆಯ ಮಾತು ಎತ್ತಿದಾಗ ನಾನು ನಿಮಗೆ ಹೇಳಿದ್ದೂ ಅದೇ, ಇಷ್ಟು ಸರಿಯಾಗಿ ನನ್ನನ್ನು ಕೇಳಿಸಿಕೊಳ್ಳುವವರು ಇನ್ನೊಬ್ಬರು ಸಿಗುವುದಿಲ್ಲ ಎಂದು.

ಮಾಲೀಕರ ಕಾನೂನು ನೆನಪಿದೆಯೆ? ಮೂರನೆಯ ಅಂಕಕ್ಕೆ ಪರದೆ ಏಳುವ ಮೊದಲು ನಾನು ನಡುಮುರುಕನನ್ನು ಪೂರ್ತಿ ಬಗ್ಗಿಸಿ, ಗೂಡು ಖಾಲಿಯೆಂದು ತೋರಿಸಿ, ಆರು ಸುಳ್ಳು ಗುಂಡನ್ನು ಅಂಗೈಯಲ್ಲಿ ಹರವಿ ಇಬ್ಬರ ಮುಂದೆ ಹಿಡಿಯಬೇಕು. ಬೀಳುವವರು ಒಬ್ಬರು, ಸದ್ದು ಮಾಡುವವರು ಒಬ್ಬರು. ಇಬ್ಬರೂ ಬಾಯಿಬಿಟ್ಟು 'ನೋಡಿದೆ' ಅನ್ನಬೇಕು. ಅನ್ನದಿದ್ದರೆ ಪರದೆ ಏಳುವುದಿಲ್ಲ. ಒಂದು ಸಲ ನಿಮಗೂ ನನಗೂ ಮಾತು ಬಿಟ್ಟುಹೋಗಿ ನೀವು ತುಟಿ ಬಿಗಿದುಕೊಂಡು ನಿಂತಾಗ ಕಾಲು ಗಂಟೆ ತಡವಾಗಿ, ಸಭೆ ಸಿಳ್ಳೆ ಹೊಡೆದದ್ದು, ಕಡೆಗೆ ನೀವು ಹಲ್ಲು ಕಡಿಯುತ್ತಾ 'ನೋಡಿದೆ, ಕತ್ತೆ' ಅಂದದ್ದು!

ಕಂಪನಿ ಮುಚ್ಚಿದಾಗ ಮಾಲೀಕರು ನಡುಮುರುಕನನ್ನು ಕಾನೂನು ಪ್ರಕಾರ ನನ್ನ ಹೆಸರಿಗೆ ಮಾಡಿಸಿಕೊಟ್ಟರು. ಟ್ರಂಕಿನಲ್ಲಿಟ್ಟೆ. ಪಕ್ಕದಲ್ಲೇ ಮಖಮಲ್ಲಿನ ಬಟ್ಟೆಯಲ್ಲಿ ನಿಮ್ಮ ಆರು ಮರದ ಗುಂಡು. ಹದಿನಾಲ್ಕು ವರ್ಷ ಆ ಟ್ರಂಕಿನ ಮೇಲೆ ನಿಮ್ಮ ತಂಗಿ ಹಾಸಿಗೆ ಮಡಿಸಿಡುತ್ತಿದ್ದಳು.

ಆಮೇಲಿನದು ನಿಮಗೆ ಅರ್ಧ ಗೊತ್ತು. ಮೂರು ವರ್ಷದ ಹಿಂದೆ ಇಬ್ಬರು ಬಂದು, ಮನೆಯ ಕೀ ಕಳೆದಿದೆ, ಬಾಗಿಲು ತೆಗೆದುಕೊಡಿ ಎಂದು ಕರೆದುಕೊಂಡು ಹೋದರು. ಮೂರನೆಯ ಮಹಡಿ. ಹೆಸರು ಕೇಳಿದೆ, ಅವರು ಬಾಗಿಲಿನ ಮೇಲಿದ್ದದ್ದು ಬಿಟ್ಟು ಬೇರೆ ಹೆಸರು ಹೇಳಿದರು. ಇದು ನಿಮ್ಮ ಮನೆಯಲ್ಲ ಎಂದೆ. ನನ್ನ ಸಲಾಕೆಯಿಂದಲೇ ನನ್ನನ್ನು ಹೊಡೆದರು. ಎರಡು ಪಕ್ಕೆಲುಬು, ಎಡಗೈಯ ಒಂದು ಬೆರಳು. ಬಾಗಿಲು ತೆಗೆಯಲಿಲ್ಲ ಎಂಬುದೊಂದೇ ಹೆಮ್ಮೆ. ಅಂದಿನಿಂದ ಯಾರು ಬಾಗಿಲು ತೆಗೆಯಿರಿ ಎಂದು ಬಂದರೂ ನಿಮ್ಮ ತಂಗಿಯ ಮುಖ ಸುಣ್ಣವಾಗುತ್ತಿತ್ತು. ನಾನು ಹೊರಟರೆ ಕಿಟಕಿ ಬಿಟ್ಟು ಏಳುತ್ತಿರಲಿಲ್ಲ, ಒಲೆಯ ಮೇಲಿಟ್ಟದ್ದು ಸೀದರೂ ಏಳುತ್ತಿರಲಿಲ್ಲ. ಒಂದು ದಿನ ಹಾಸಿಗೆ ಕೆಳಗಿಳಿಸಿ, ಟ್ರಂಕ್ ತೆಗೆದು, ನಡುಮುರುಕನನ್ನು ನನ್ನ ಮಡಿಲಿಗೆ ಹಾಕಿ ಹೇಳಿದಳು:

"ಇದನ್ನ ಜೊತೇಲಿ ಇಟ್ಕೊಂಡು ಹೋಗಿ. ಇಲ್ಲ ಅಂದ್ರೆ ಕೆಲಸಕ್ಕೆ ಹೋಗಬೇಡಿ. ಎರಡರಲ್ಲಿ ಒಂದು."

ಅಸಲಿ ಗುಂಡಿಗಾಗಿ ಬಂದೂಕಿನ ಅಂಗಡಿಗೆ ಹೋದೆ. ಅಂಗಡಿಯವನು ನಡುಮುರುಕನನ್ನು ಬಗ್ಗಿಸಿ, ಎತ್ತಿ, ಇನ್ನೊಮ್ಮೆ ಬಗ್ಗಿಸಿ, ಈ ಅಳತೆಯ ಗುಂಡು ಈಗ ಯಾರೂ ಮಾಡುವುದಿಲ್ಲ ಎಂದ. ಅವನ ಅಪ್ಪನ ಕಾಲದ ಡಬ್ಬಿಯಲ್ಲಿ ಒಂದು ಡಜನ್ ಇತ್ತು, ಕೊಟ್ಟ. "ಗುರಿ ಇಟ್ಟು ಹೊಡೆಯೋಕೆ ಹೋಗಬೇಡಿ ಯಜಮಾನ್ರೇ. ಕಳ್ಳನ ಕಾಲ ಮೇಲೆ ಬೀಳಿಸಿ, ಅಷ್ಟು ಭಾರ ಸಾಕು" ಎಂದು ಬೇರೆ ಹೇಳಿದ.

ಭಾರ ಎಂದರೆ ಭಾರವೇ. ಕೋಟಿನ ಬಲ ಜೇಬು ಎರಡು ವಾರದಲ್ಲಿ ಹರಿಯಿತು. ನಿಮ್ಮ ತಂಗಿ ಒಳಗಡೆ ಕ್ಯಾನ್ವಾಸಿನ ಜೇಬು ಹೊಲಿದಳು, ಹಿಡಿ ಮೇಲಕ್ಕೆ ಬರುವ ಹಾಗೆ ಓರೆಯಾಗಿ. ಸುಡು ಬಿಸಿಲಿನಲ್ಲೂ ಕೋಟು. ಬಸ್ಸಿನಲ್ಲಿ ಕೂತರೆ ಪಕ್ಕದವನ ಸೊಂಟಕ್ಕೆ ತಾಗುತ್ತದೆಂದು ನಿಂತೇ ಹೋಗುತ್ತಿದ್ದೆ. ಬೀಗದ ಮುಂದೆ ಬಗ್ಗಿದರೆ ಅದು ಮುಂದಕ್ಕೆ ತೂಗಿ ಬಾಗಿಲಿಗೆ ಠಣ್ ಎನ್ನುತ್ತಿತ್ತು. ಒಳಗಿನವರು ಯಾರು ಎನ್ನುತ್ತಿದ್ದರು. ಟೈಲರ್ ಒಂದು ದಿನ ನನ್ನ ಅಳತೆ ತೆಗೆದು, ಟೇಪು ಕುತ್ತಿಗೆಗೆ ಹಾಕಿಕೊಂಡು, "ನಿನ್ನ ಬಲ ಭುಜ ಒಂದು ಬೆರಳು ಕೆಳಗೆ ಇಳಿದಿದೆಯಲ್ಲಯ್ಯಾ, ಯಾರ ಹೆಣ ಹೊರ್ತಾ ಇದ್ದೀಯ?" ಎಂದು ಕೇಳಿದ. ನಕ್ಕೆವು ಆಗ.

ದಿನಾ ಬೆಳಿಗ್ಗೆ ಹೊಸ್ತಿಲ ಹತ್ತಿರ ನಮ್ಮಿಬ್ಬರದೇ ಒಂದು ಆಟ. ಚೀಲ ಹೆಗಲಿಗೇರಿಸಿ ನಾನು ನಿಲ್ಲಬೇಕು, ಅವಳು "ತೋರಿಸಿ" ಅನ್ನಬೇಕು. ಮಾಲೀಕರ ಕಾನೂನು, ಆದರೆ ತಿರುವುಮುರುವು. ಅಲ್ಲಿ ಖಾಲಿ ಎಂದು ತೋರಿಸಬೇಕಿತ್ತು, ಇಲ್ಲಿ ತುಂಬಿದೆ ಎಂದು. ಪೂರ್ತಿ ಬಗ್ಗಿಸಿದರೆ ಅಸಲಿ ಗುಂಡು ನೆಲಕ್ಕೆ ಬಿದ್ದು ಎಲ್ಲಿ ಸಿಡಿಯುತ್ತದೋ ಎಂದು ಅವಳಿಗೆ ಭಯ. ಹಾಗಾಗಿ ಚಿಲಕ ಒತ್ತಿ, ಒಂದು ಬೆರಳು ಸಂದು ಬರುವಷ್ಟೇ ಬಗ್ಗಿಸುತ್ತಿದ್ದೆ. ಸಂದಿಯಲ್ಲಿ ಆರು ಹಿತ್ತಾಳೆ ತಲೆ. ಕನ್ನಡಕ ಸರಿಮಾಡಿಕೊಂಡು ಎಣಿಸುತ್ತಿದ್ದಳು. "ನೋಡಿದೆ" ಅನ್ನುತ್ತಿದ್ದಳು. ಆಗ ನನ್ನ ಪರದೆ ಏಳುತ್ತಿತ್ತು. ಆಮೇಲೆ ಕಿಟಕಿಯಲ್ಲಿ ಕೂರುವುದನ್ನು ಬಿಟ್ಟಳು. ಮಧ್ಯಾಹ್ನ ಮಲಗಲು ಶುರುಮಾಡಿದಳು. ಒಲೆಯ ಮೇಲಿಟ್ಟದ್ದು ಸೀಯುವುದು ನಿಂತಿತು. ಎಷ್ಟೋ ಕಾಲದ ಮೇಲೆ ಅವಳು ಗುನುಗುವುದನ್ನು ಕೇಳಿದೆ. ನನ್ನ ಸೊಂಟದ ಭಾರ ಅವಳ ಎದೆಯ ಭಾರಕ್ಕಿಂತ ಹಗುರ ಎಂದುಕೊಂಡು ಹೊತ್ತೆ.

ಹೋದ ವರ್ಷದ ಕಡೆಯಲ್ಲಿ ಒಂದು ಘಟನೆ ಆಯಿತು. ಇದನ್ನು ನಿಮಗೆ ಯಾರೂ ಹೇಳಿರುವುದಿಲ್ಲ. ರಿಟೈರಾದ ಒಬ್ಬ ಟೀಚರಮ್ಮನ ಮನೆಯ ಬೀರುವಿನ ಬೀಗ ಕಚ್ಚಿಕೊಂಡಿತ್ತು. ನಾನು ಮಂಡಿಯೂರಿ ಕುಳಿತು, ಕಿವಿಯನ್ನು ಬೀಗಕ್ಕೆ ಹಚ್ಚಿ, ಕಣ್ಣು ಮುಚ್ಚಿ ಕೆಲಸ ಮಾಡುತ್ತಿದ್ದೆ. ಹಿಂದಿನಿಂದ ಭುಜದ ಮೇಲೆ ಒಂದು ಕೈ ಬಿತ್ತು. ಭಾವ, ನಾನು ತಿರುಗಿದ್ದು ನನಗೆ ಗೊತ್ತಿಲ್ಲ. ತಿಳಿವಳಿಕೆ ಬಂದಾಗ ನಡುಮುರುಕ ಹೊರಗಿತ್ತು, ಗುಂಡನ್ನು ಬಡಿಯುವ ಹಿಂದಿನ ಕೊಕ್ಕು ಎಳೆದು ನಿಂತಿತ್ತು, ನಳಿಗೆ ಆಯಮ್ಮನ ಕನ್ನಡಕದಿಂದ ಒಂದು ಗೇಣು ದೂರದಲ್ಲಿತ್ತು, ನನ್ನ ಬೆರಳು ಅರ್ಧ ಒತ್ತಿಯಾಗಿತ್ತು. ಅವರ ಕೈಯಲ್ಲಿ ಒಂದು ಲೋಟ ನೀರು. ಲೋಟ ಬೀಳಲಿಲ್ಲ, ಬರೀ ತುಳುಕಿತು. ಅವರು ಬಹಳ ನಿಧಾನವಾಗಿ ಹೇಳಿದರು:

"ಬಾಯಾರಿಕೆ ಆಗಿರುತ್ತೆ ಅಂತ ತಂದೆ. ಬೇಡ ಅಂದಿದ್ರೆ ಸಾಕಿತ್ತಪ್ಪಾ."

ಕೊಕ್ಕನ್ನು ಹೆಬ್ಬೆರಳಿನಿಂದ ಇಳಿಸಲು ನನಗೆ ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಅವರು ಅಲ್ಲೇ ನಿಂತಿದ್ದರು. ಮಕ್ಕಳು ಲೆಕ್ಕ ತಪ್ಪಿದಾಗ ಟೀಚರು ಕಾಯುತ್ತಾರಲ್ಲ, ಹಾಗೆ. ಆಮೇಲೆ ಕುಡಿಯಿರಿ ಎಂದರು. ಕುಡಿದೆ. ಬೀರು ತೆಗೆದುಕೊಟ್ಟೆ. ಹೊರಡುವಾಗ ಅವರು, "ನಿಮ್ಮನ್ನ ಹೊಡೆದವರು ಯಾರೋ ಗೊತ್ತಿಲ್ಲ. ಆದ್ರೆ ಅವರು ಇನ್ನೂ ನಿಮ್ಮ ಹಿಂದೆ ನಿಂತಿದ್ದಾರೆ" ಎಂದರು.

ಇನ್ನು ಇದು ಬೇಡ, ಟ್ರಂಕಿಗೆ ಹಾಕುತ್ತೇನೆ ಎಂದು ಆ ದಿನವೇ ನಿಮ್ಮ ತಂಗಿಗೆ ಹೇಳಿದೆ. ಯಾಕೆ ಎಂದು ಹೇಳುವ ಧೈರ್ಯವಾಗಲಿಲ್ಲ, ಭುಜ ನೋವು ಎಂದೆ. ಮರುದಿನ ಬೆಳಿಗ್ಗೆ ನೋಡಿದರೆ ಕಿಟಕಿಯ ಹತ್ತಿರ ಕುರ್ಚಿ ಬಂದಿತ್ತು.

ಕುರ್ಚಿಯನ್ನು ವಾಪಸ್ ಇಟ್ಟೆ. ನಡುಮುರುಕನನ್ನು ತೊಟ್ಟುಕೊಂಡೆ.

ಇನ್ನು ಆ ದಿನ. ಮೇ ತಿಂಗಳ ಒಂಬತ್ತು, ಸಾಯಂಕಾಲ ನಾಲ್ಕು ಗಂಟೆ. ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆವು, ಅವಳ ಕನ್ನಡಕದ ನಂಬರು ಬದಲಾಗಬೇಕಿತ್ತು. ಬರುವಾಗ ರೈಲು ಹಳಿಯ ಕೆಳಗಿನ ಸುರಂಗದಾರಿ ಹಿಡಿದೆವು. ಬಿಳಿ ಟೈಲ್ಸು, ಅರ್ಧ ದೀಪ ಕೆಟ್ಟಿದ್ದವು. ನನ್ನ ಹೆಗಲಲ್ಲಿ ಸಾಮಾನಿನ ಚೀಲ. ತೆಳ್ಳಗಿನ ಒಬ್ಬ, ಮೂಗು ಸುರಿಸುತ್ತಿದ್ದ, ಎದುರಿಗೆ ಬಂದು ಚಾಕು ತೆಗೆದು ಚೀಲ ಕೊಡಿ ಎಂದ. ಮುಂದಿನದನ್ನು ಪೊಲೀಸರಿಗೆ ಹೇಳಿದೆ, ಟೈಲರಿಗೆ ಹೇಳಿದೆ, ಫೋನಿನಲ್ಲಿ ನಿಮಗೂ ಹೇಳಿದೆ: ಕೈ ಕೋಟಿನೊಳಗೆ ಹೋಯಿತು, ನಡುಗಿತು, ಹೊರಗೆ ಬರಲಿಲ್ಲ. ಅವಳು ಒಂದು ಹೆಜ್ಜೆ ಮುಂದೆ ಹೋದಳು. ಅವನು ಚುಚ್ಚಿ ಓಡಿದ. ಎಷ್ಟು ಸಲ ಹೇಳಿದ್ದೇನೆಂದರೆ ಈಗ ಅದು ಒಳ್ಳೆ ಪಾಠವಾದ ಡೈಲಾಗು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದೂ ಗೊತ್ತು.

ಮರುದಿನ ಇನ್ಸ್‌ಪೆಕ್ಟರ್ ಮನೆಗೆ ಬಂದು ನಡುಮುರುಕನನ್ನು ಬಗ್ಗಿಸಿದರು. ಆರೂ ಅಸಲಿ ಗುಂಡು ಅವರ ಅಂಗೈಗೆ ಬಿದ್ದವು. ನಳಿಗೆ ಮೂಸಿದರು. ಆರು ಗುಂಡನ್ನೂ ನೋಡಿದರು, ನನ್ನನ್ನೂ ನೋಡಿದರು. "ಆರೂ ಹಾಗೇ ಇವೆ" ಎಂದರು, ಅಷ್ಟೇ. ಆ ಮೂರು ಪದ ಅಂದು ಸಾಯಂಕಾಲದೊಳಗೆ ಬೀದಿಯ ತುಂಬ ಓಡಾಡಿತು. ಎದೆ ಬಿರಿಯುವ ಹಾಗೆ ಗರ್ಜಿಸುತ್ತಿದ್ದ ಖಳ, ಜೇಬಿನಲ್ಲಿ ಆರು ಗುಂಡು ಇಟ್ಟುಕೊಂಡು ಹೆಂಡತಿ ಬೀಳುವುದನ್ನು ನೋಡುತ್ತಾ ನಿಂತ. ನನ್ನ ಮುಂದೆ ಯಾರೂ ಆಡಲಿಲ್ಲ. ಆದರೆ ಅಂಗಡಿಗೆ ಬಂದವರು ನನ್ನ ಕೈ ನೋಡುತ್ತಾರೆ, ನಡುಗುತ್ತದೆಯೇ ಎಂದು. ನಡುಗುವುದಿಲ್ಲ ಭಾವ. ಒಂದು ದಿನವೂ ನಡುಗಲಿಲ್ಲ.

ಹೋದ ತಿಂಗಳು ನಡುಮುರುಕನನ್ನು ಲೈಸೆನ್ಸ್ ಆಫೀಸಿಗೆ ಒಪ್ಪಿಸಿದೆ. ಗುಮಾಸ್ತ ಫಾರಂ ತುಂಬುತ್ತಾ, ಇದನ್ನು ಎಂದಾದರೂ ಮನುಷ್ಯರ ಮೇಲೆ ಹಾರಿಸಿದ್ದೀರಾ ಎಂದು ಕೇಳಿದ. ಸುಮಾರು ಮೂರು ಸಾವಿರ ಸಲ, ಒಬ್ಬರ ಮೇಲೇ ಎಂದೆ. ಪೆನ್ನು ಕೆಳಗಿಟ್ಟ. ಅವರು ಯಾರು ಎಂದ. ನನ್ನ ಭಾವ, ಚೆನ್ನಾಗಿದ್ದಾರೆ ಎಂದೆ. ಆ ಕೋಣೆಯಲ್ಲಿದ್ದವರೆಲ್ಲ ನಕ್ಕರು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ, ಕಾವಲಿನವನು ಎದ್ದು ಹೋಗಿ ಎನ್ನುವವರೆಗೂ ಏಳಲಾಗಲಿಲ್ಲ. ಟೈಲರ್ ಮೊನ್ನೆ ನನ್ನ ಬೆನ್ನ ಹಿಂದೆ ನಿಂತು, ಕೇಳದೆಯೇ ಟೇಪು ಹಿಡಿದು, ಭುಜ ಸಮಕ್ಕೆ ಬರುತ್ತಿದೆ ಎಂದ. ಕನಿಕರದಿಂದಲೇ ಅಂದ. ನನಗೆ ಮಾತ್ರ ಇಡೀ ಮೈ ಒಂದು ಕಡೆಗೆ ವಾಲಿದಂತಿದೆ, ಭಾರ ಇದ್ದಾಗಲೇ ನೆಟ್ಟಗಿದ್ದೆನೇನೋ.

ಮನೆಯೊಳಗೆ ಅವಳ ಸಾಮಾನು ಯಾವುದನ್ನೂ ಮುಟ್ಟಿಲ್ಲ. ಹೊಸ ನಂಬರಿನ ಕನ್ನಡಕ ತಯಾರಾಗಿದೆ ಎಂದು ಅಂಗಡಿಯವರು ಎರಡು ಸಲ ಹೇಳಿ ಕಳಿಸಿದರು. ಹೋಗಿ ತಂದೆ. ಅದರೊಳಗಿಂದ ನೋಡಿದರೆ ನನಗೆ ಎಲ್ಲ ಮಸುಕು. ಬೆಳಿಗ್ಗೆ ಹೊಸ್ತಿಲ ಹತ್ತಿರ ಬಂದಾಗ ಕಾಲು ತಾನಾಗಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಪರದೆ ಏಳುವುದಿಲ್ಲ. ಆದರೂ ಹೊರಡುತ್ತೇನೆ.

ನಿಮ್ಮ ಪ್ರಶ್ನೆ: ಮುಂದೆ ಯಾಕೆ ಬಂದಳು? ಗೊತ್ತಿಲ್ಲ ಭಾವ. ಹೆಂಗಸರ ಮನಸ್ಸು, ಗಂಡನಿಗೆ ಅಡ್ಡ ನಿಂತಿರಬೇಕು ಎಂದುಕೊಳ್ಳಿ.

ತಿಂಗಳ ಕೊನೆಗೆ ನೀವು ಬರುವ ವಿಷಯ. ಬನ್ನಿ ಎಂದು ಬರೆಯಲು ಮನಸ್ಸು ಹಾತೊರೆಯುತ್ತಿದೆ. ಮಾಡಿನ ಕೋಣೆಯನ್ನು ಕಣ್ಣಿಗೆ ಕಟ್ಟಿಕೊಂಡಿದ್ದೇನೆ: ನೀವು ಕೆಳಗಿನಿಂದ ಹಳೆಯ ಮಾತು ಎಸೆಯುವುದು, ನಾನು ಮೇಲಿನಿಂದ ಎದುರುಮಾತು ಎಸೆಯುವುದು, ಅತ್ತಿಗೆ ಇಬ್ಬರಿಗೂ ಬೈಯುವುದು. ನಿಮ್ಮನ್ನು ಬಿಟ್ಟರೆ ನನ್ನನ್ನು ಕತ್ತೆ ಎನ್ನಲು ಈ ಭೂಮಿಯ ಮೇಲೆ ಇನ್ನು ಯಾರೂ ಉಳಿದಿಲ್ಲ.

ಅತ್ತಿಗೆಯವರಿಗೆ ನಮಸ್ಕಾರ. ಮಕ್ಕಳಿಗೆ ನನ್ನ ತುಂಬು ಆಶೀರ್ವಾದ; ಅವರು ಯಾವ ಬಾಗಿಲ ಮುಂದೆ ನಿಂತರೂ ಅದು ಒಳಗಿನಿಂದ ತೆರೆಯಲಿ. ದೊಡ್ಡವನಿಗೆ ಹೇಳಿ, ಸೈಕಲ್ಲಿನ ಬೀಗಕ್ಕೆ ಎಣ್ಣೆ ಬಿಡಲಿ, ನೀರು ಬಿಡಬಾರದು.

ಇತಿ ನಿಮ್ಮ
ಖಳ

ಮರೆತ ಮಾತು:

ಸಹಿ ಹಾಕಿ, ಲಕೋಟೆಗೆ ಗೋಂದು ಹಚ್ಚಿ, ಮತ್ತೆ ಕಿತ್ತೆ. ಮರೆತ ಮಾತು ಎಂದು ಬರೆದದ್ದೂ ಸುಳ್ಳು. ಒಂದು ನಿಮಿಷವೂ ಮರೆತಿಲ್ಲ.

ಕುರ್ಚಿಯನ್ನು ಕಿಟಕಿಯಿಂದ ವಾಪಸ್ ಇಟ್ಟೆ ಎಂದೆನಲ್ಲ, ಅದಕ್ಕೆ ಮೊದಲು ಇನ್ನೊಂದು ಕೆಲಸ ಮಾಡಿದ್ದೆ. ಅವಳು ಸ್ನಾನಕ್ಕೆ ಹೋಗಿದ್ದಾಗ ಟ್ರಂಕ್ ತೆಗೆದು, ಅಸಲಿ ಗುಂಡನ್ನು ಮಖಮಲ್ಲಿನಲ್ಲಿ ಸುತ್ತಿಟ್ಟು, ನಿಮ್ಮ ಆರು ಮರದ ಗುಂಡನ್ನು ನಡುಮುರುಕನಿಗೆ ತುಂಬಿದೆ. ಇನ್ನೊಬ್ಬ ಟೀಚರಮ್ಮನಿಗೆ ನನ್ನ ಕೈಯಿಂದ ಅನಾಹುತ ಆಗಬಾರದು, ಇವಳಿಗೂ ನೆಮ್ಮದಿ ಹೋಗಬಾರದು. ಎರಡಕ್ಕೂ ಇದೇ ದಾರಿ ಎಂದುಕೊಂಡೆ. ನಾಟಕದವನಿಗೆ ಬಿಟ್ಟು ಇನ್ನಾರಿಗೆ ಇಂಥ ಬುದ್ಧಿ ಹೊಳೆಯುತ್ತದೆ? ಹೊಸ್ತಿಲಲ್ಲಿ ಒಂದು ಬೆರಳು ಸಂದಿ. ಆರು ಹಿತ್ತಾಳೆ ತಲೆ. ಮರದ ಮೂತಿ ಗೂಡಿನ ಒಳಗೆ, ಕಾಣುವುದಿಲ್ಲ. "ನೋಡಿದೆ." ಐದು ತಿಂಗಳು, ದಿನಾ ಬೆಳಿಗ್ಗೆ, ಅವಳ ಕಣ್ಣೆದುರಿಗೆ.

ಸುರಂಗದಾರಿಯಲ್ಲಿ ನನ್ನ ಕೈ ನಡುಗಲಿಲ್ಲ. ಜೇಬಿನಿಂದ ಬೆಣ್ಣೆಯಂತೆ ಹೊರಗೆ ಬಂತು. "ನಿಲ್ಲು" ಎಂದೆ, ಕಂಪನಿಯ ಕಾಲದ ಗಂಟಲಿನಲ್ಲಿ. ಟೈಲ್ಸಿನ ಗೋಡೆ ಅದನ್ನು ನಾಲ್ಕು ಸಲ ಹೇಳಿತು. ಅವನು ನಿಂತ. ಚಾಕು ಇಳಿಯಿತು. ಓಡಿಹೋಗಲು ಅವನಿಗೆ ಇನ್ನೊಂದು ಕ್ಷಣ ಬೇಕಿತ್ತು, ಅಷ್ಟೇ. ಆಗ ನಿಮ್ಮ ತಂಗಿ ನನ್ನ ಹಿಂದಿನಿಂದ ಬಂದು ಮುಂದೆ ನಡೆದಳು. ಅಡ್ಡ ನಿಲ್ಲಲು ಅಲ್ಲ ಭಾವ. ಹೆದರದೆ, ಸಮಾಧಾನದಿಂದ, ಮಗುವಿನ ಕೈಯಿಂದ ಕತ್ತರಿ ತೆಗೆದುಕೊಳ್ಳಲು ಹೋಗುವವಳ ಹಾಗೆ ಕೈ ಚಾಚಿದಳು.

"ಕೊಡು ಅದನ್ನ. ಇವರ ಹತ್ರ ಆರು ಗುಂಡಿದೆ. ಬೆಳಿಗ್ಗೆ ನಾನೇ ನೋಡಿದ್ದೀನಿ."

ಇದು ನಿಮ್ಮ ಪ್ರಶ್ನೆಗೆ ಉತ್ತರ. ನಾನು ತೋರಿಸಿದ್ದನ್ನು ನಂಬಿ ಮುಂದೆ ಬಂದಳು.

ಅವಳು ಅಷ್ಟು ಹತ್ತಿರ ಬಂದದ್ದಕ್ಕೆ ಅವನು ಬೆದರಿದ. ಚಾಕು ಎತ್ತಿದ. ನಾನು ಕುದುರೆ ಎಳೆದೆ. ಹೌದು, ಒಳಗಿರುವುದು ಮರ ಎಂದು ಗೊತ್ತಿದ್ದೂ ಎಳೆದೆ, ಎಳೆದು ಹನ್ನೊಂದು ವರ್ಷದ ಅಭ್ಯಾಸದಲ್ಲಿ ಸೈಡಿನ ಸದ್ದಿಗೆ ಕಾದೆ. ಸದ್ದು ಮಾಡುವವಳು ನನ್ನ ಎದುರಿಗಿದ್ದಳು. ಟಕ್ ಎಂದಿತು. ಆರು ಸಲ ಟಕ್. ಚಾಕು ಒಳಗೆ ಹೋದಾಗಲೂ ಅವಳು ಅವನ ಕಡೆ ನೋಡಲಿಲ್ಲ. ಟಕ್ ಕೇಳಿ ತಿರುಗಿ ನನ್ನನ್ನು ನೋಡಿದಳು.

ಅವನು ಓಡಿದ. ನೆಲದ ಮೇಲೆ ಅವಳ ತಲೆಯನ್ನು ತೊಡೆಗೆ ತೆಗೆದುಕೊಂಡೆ. ನಡುಮುರುಕ ಇನ್ನೂ ನನ್ನ ಕೈಯಲ್ಲೇ ಇತ್ತು. ಅವಳು ಕೈ ಎತ್ತಿ ನಳಿಗೆ ಹಿಡಿದಳು, ಹೆಬ್ಬೆರಳಿನಿಂದ ಚಿಲಕ ಹುಡುಕಿದಳು, ಬಗ್ಗಿಸಿದಳು. ಅರ್ಧ ಅಲ್ಲ, ಪೂರ್ತಿ. ಆರೂ ಚಿಮ್ಮಿ ಅವಳ ಮಡಿಲಿಗೆ ಬಿದ್ದವು. ಒಂದನ್ನು ತೆಗೆದು ಕಣ್ಣಿನ ಹತ್ತಿರ ಹಿಡಿದಳು. ಅಣ್ಣ ಕೆತ್ತಿದ್ದು ಅವಳಿಗೆ ಗೊತ್ತಾಗದೆ ಇರುತ್ತದೆಯೆ? ಮೂತಿಯ ಬಣ್ಣವನ್ನು ಉಗುರಿನಿಂದ ಸ್ವಲ್ಪ ಕೆರೆದಳು. ಬಾಯಿ ತೆರೆದಿತ್ತು, ಉಸಿರಿತ್ತು, ಮಾತಾಡಬಹುದಿತ್ತು. ಮಾತಾಡಲಿಲ್ಲ.

ಜನ ಓಡಿ ಬರುವಷ್ಟರಲ್ಲಿ ನಡುಮುರುಕನನ್ನು ಕೋಟಿನೊಳಕ್ಕೆ ಸೇರಿಸಿ, ಐದನ್ನು ಹೆಕ್ಕಿ ಸಾಮಾನಿನ ಚೀಲಕ್ಕೆ ಹಾಕಿದ್ದೆ. ಆ ಹೊತ್ತಿನಲ್ಲೂ ನನಗೆ ಹೆಕ್ಕಲು ತೋಚಿತು, ಇದನ್ನು ಗಮನಿಸಿ. ಆಸ್ಪತ್ರೆಯಿಂದ ಬಂದು ಅಸಲಿ ಗುಂಡನ್ನು ತುಂಬಿದೆ. ನಿಜ ಹೇಳುವುದಕ್ಕಿಂತ ಹೇಡಿ ಎನಿಸಿಕೊಳ್ಳುವುದು ಸುಲಭವಾಗಿತ್ತು. ಮೂರು ದಿನದ ಮೇಲೆ ನರ್ಸಮ್ಮ ಅವಳ ಸಾಮಾನಿನ ಲಕೋಟೆ ಕೊಟ್ಟು ಪಟ್ಟಿಗೆ ಸಹಿ ಹಾಕಿಸಿಕೊಂಡರು: ಉಂಗುರ ಒಂದು, ಕನ್ನಡಕ ಒಂದು, ಮರದ ತುಂಡು ಒಂದು. ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದರು, ಏನಾದರೂ ನೆನಪಿನ ವಸ್ತುವೇ ಎಂದು ಕೇಳಿದರು. ಹೌದು ಎಂದೆ.

ಈ ಕಾಗದದ ಜೊತೆಗಿರುವ ಪೊಟ್ಟಣದಲ್ಲಿ ಆರೂ ಇವೆ. ಬಣ್ಣ ಕೆರೆದದ್ದು ಒಂದಿದೆ, ನಿಮಗೇ ತಿಳಿಯುತ್ತದೆ. ತಿಂಗಳ ಕೊನೆಗೆ ಬರುವುದೂ ಬಿಡುವುದೂ ಇದನ್ನು ಬಿಚ್ಚಿದ ಮೇಲೆ ನಿಮ್ಮ ಇಷ್ಟ; ಬಾರದಿದ್ದರೆ ಮಾಡಿನ ಕೋಣೆಗೆ ಬಾಡಿಗೆಯವರನ್ನು ಇಟ್ಟುಕೊಳ್ಳಿ, ಖಾಲಿ ಬಿಡಬೇಡಿ. ಒಂದು ಮಾತ್ರ ಕೇಳಿಕೊಳ್ಳುತ್ತೇನೆ. ಅಂಗೈಯಲ್ಲಿ ಹರವಿ ನೋಡಿದ ಮೇಲೆ ಕಂಪನಿಯ ಕಾನೂನಿನ ಆ ಒಂದು ಮಾತನ್ನು ನನಗೆ ಬರೆದು ಕಳಿಸಬೇಡಿ. ಅವಳೂ ಅದನ್ನು ಹೇಳದೆಯೇ ಹೋದಳು.